ವಾಚನಾಲಯದ ಎಕ್ಸೆಲ್ ಫೈಲ್ ಮತ್ತೆ ಮತ್ತೆ ಕೆಡುತ್ತಿದ್ದುದೇಕೆ

ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದ ನಮ್ಮೂರಿನ ವಾಚನಾಲಯದಲ್ಲಿ ಕನ್ನಡ, ಮಲಯಾಳ, ತುಳು ಪುಸ್ತಕಗಳ ಪಟ್ಟಿಯೂ ಅವುಗಳ ವಿತರಣೆಯ ಲೆಕ್ಕವೂ ಒಂದೇ ಎಕ್ಸೆಲ್ ಫೈಲಿನಲ್ಲಿವೆ. ಕಳೆದ ಮಳೆಗಾಲದಿಂದ ಈ ಫೈಲ್ ಕೆಲಸದ ನಡುವೆ ಸ್ಥಗಿತಗೊಳ್ಳತೊಡಗಿತು. ಕೆಲವೊಮ್ಮೆ ಮರುದಿನ ತೆರೆಯಲು ಹೋದರೆ ಒಳಗಿನ ಮಾಹಿತಿಯಲ್ಲಿ ದೋಷವಿದೆಯೆಂಬ ಸೂಚನೆ ಬರುತ್ತಿತ್ತು. ರಿಪೇರಿ ಮಾಡಿದರೆ ಕೆಲವು ದಿನ ನಡೆದು, ಮತ್ತೆ ಅದೇ ಪಾಡು. ಯಾವ ಕನ್ನಡ ಪುಸ್ತಕ ಯಾವ ಕಪಾಟಿನಲ್ಲಿದೆಯೆಂದು ತಿಳಿಯಲು ನಮಗಿರುವ ದಾರಿ ಈ ಪಟ್ಟಿಯೊಂದೇ ಆದ್ದರಿಂದ, ತಾತ್ಕಾಲಿಕ ಪರಿಹಾರವನ್ನು ಬಿಟ್ಟು ಕಾರಣವನ್ನು ಬುಡದಿಂದ ಹುಡುಕಬೇಕಾಯಿತು.

ಹುಡುಕಿದಾಗ ಸ್ಪಷ್ಟವಾದದ್ದು, ಸ್ಥಗಿತವಾಗುವುದು ಒಂದು ಕಾಯಿಲೆ, ಕೆಡುವುದು ಇನ್ನೊಂದು ಎಂಬುದು. ಮೊದಲನೆಯದಕ್ಕೆ ಕಾರಣ ಫೈಲಿನ ಒಳಗೇ ಬೆಳೆದ ಅನಗತ್ಯ ಭಾರ. ಎರಡನೆಯದಕ್ಕೆ ಕಾರಣ ಅದನ್ನು ಸೇವ್ ಮಾಡುವ ಜಾಗ ಮತ್ತು ರೀತಿ. ಭಾರವಾದ ಫೈಲ್ ಸೇವ್ ಆಗಲು ಹೆಚ್ಚು ಸಮಯ ತೆಗೆದುಕೊಳ್ಳುತ್ತದೆ, ಆ ಸಮಯದಲ್ಲಿ ಅಡ್ಡಿಯಾದರೆ ಕೆಡುತ್ತದೆ. ಹೀಗೆ ಒಂದು ಇನ್ನೊಂದನ್ನು ಹೆಚ್ಚಿಸುವುದರಿಂದಲೇ ಎರಡೂ ಒಂದೇ ಎಂಬ ಭಾವನೆ ಬರುತ್ತದೆ.

ಎಕ್ಸೆಲ್ 2007ರಿಂದ ಬಳಕೆಗೆ ಬಂದ ಎಕ್ಸ್‌ಎಲ್‌ಎಸ್‌ಎಕ್ಸ್ ಫೈಲ್ ವಾಸ್ತವದಲ್ಲಿ ಒಂದು ಜಿಪ್ ಕಟ್ಟು, ಅಂದರೆ ಹಲವು ಕಡತಗಳನ್ನು ಕುಗ್ಗಿಸಿ ಒಂದಾಗಿಸಿದ ಫೈಲ್. ಅದರ ಒಂದು ನಕಲು ಮಾಡಿ, ಹೆಸರಿನ ಕೊನೆಯನ್ನು ‘.ಜಿಪ್’ ಎಂಬ ಇಂಗ್ಲಿಷ್ ವಿಸ್ತರಣೆಗೆ ಬದಲಿಸಿ ತೆರೆದರೆ ಹಲವು ಎಕ್ಸ್‌ಎಂಎಲ್ ಕಡತಗಳು ಕಾಣಸಿಗುತ್ತವೆ. ಪ್ರತಿ ಶೀಟಿಗೂ ಒಂದೊಂದು ಕಡತ, ಬಣ್ಣ ಮತ್ತು ಫಾಂಟುಗಳಿಗೆ ‘ಸ್ಟೈಲ್ಸ್’ ಎಂಬ ಕಡತ, ಅಕ್ಷರರೂಪದ ಮಾಹಿತಿಗೆ ‘ಶೇರ್ಡ್‌ಸ್ಟ್ರಿಂಗ್ಸ್’ ಎಂಬ ಕಡತ. ಪುಸ್ತಕದ ಹೆಸರುಗಳೆಲ್ಲ ಈ ಕೊನೆಯ ಕಡತದಲ್ಲಿದ್ದು, ಶೀಟಿನಲ್ಲಿ ಅವುಗಳ ಕ್ರಮಸಂಖ್ಯೆ ಮಾತ್ರ ಇರುತ್ತದೆ. ಆದ್ದರಿಂದ ‘ಸ್ಟೈಲ್ಸ್’ ಕೆಟ್ಟರೆ ಅಲಂಕಾರ ಹೋಗಿ ಮಾಹಿತಿ ಉಳಿಯುತ್ತದೆ. ‘ಶೇರ್ಡ್‌ಸ್ಟ್ರಿಂಗ್ಸ್’ ಕೆಟ್ಟರೆ ದಾಖಲಾತಿ ಸಂಖ್ಯೆ, ತಾರೀಕುಗಳು ಉಳಿದು ಹೆಸರುಗಳೇ ಮಾಯವಾಗುತ್ತವೆ. ರಿಪೇರಿಯ ನಂತರ ಎಕ್ಸೆಲ್ ತೋರಿಸುವ ವರದಿಯನ್ನು ಓದದೆ ಮುಚ್ಚಬಾರದು ಎಂದು ನಾನು ಹೇಳುವುದು ಇದೇ ಕಾರಣಕ್ಕೆ: ಯಾವ ಭಾಗ ಹೋಯಿತೆಂಬುದು ಅಲ್ಲಿಯೇ ಇರುತ್ತದೆ.

ಜಿಪ್ ಕಟ್ಟಿನೊಳಗೆ ಏನೇನಿದೆಯೆಂಬ ಸೂಚಿ ಇರುವುದು ಅದರ ಕೊನೆಯಲ್ಲಿ. ಬರೆಯುವುದು ಪೂರ್ತಿಯಾಗುವ ಮೊದಲೇ ಕರೆಂಟ್ ಹೋದರೆ ಅಥವಾ ಪೆನ್‌ಡ್ರೈವ್ ಕಿತ್ತರೆ ಸೂಚಿಯೇ ಇಲ್ಲದ ಕಟ್ಟು ಉಳಿಯುತ್ತದೆ. ಇನ್ನೂ ಒಂದು ಸಂಗತಿಯಿದೆ. ಎಕ್ಸೆಲ್ ಹಳೆಯ ಫೈಲಿನ ಮೇಲೆಯೇ ಬರೆಯುವುದಿಲ್ಲ. ಅದೇ ಫೋಲ್ಡರಿನಲ್ಲಿ ವಿಚಿತ್ರ ಹೆಸರಿನ ತಾತ್ಕಾಲಿಕ ಫೈಲೊಂದನ್ನು ಬರೆದು, ಹಳೆಯದನ್ನು ಅಳಿಸಿ, ಹೊಸದಕ್ಕೆ ಹಳೆಯ ಹೆಸರಿಡುತ್ತದೆ. ಈ ಹೆಜ್ಜೆಗಳ ನಡುವೆ ತಡೆಯಾದರೆ ಮೂಲ ಫೈಲ್ ಕಾಣೆಯಾಗಿ, ವಿಸ್ತರಣೆಯಿಲ್ಲದ ಫೈಲೊಂದು ಅಲ್ಲಿ ಉಳಿದಿರಬಹುದು. ಅದನ್ನು ಕಸವೆಂದು ಅಳಿಸದೆ, ಪ್ರತಿ ಮಾಡಿ, ಸರಿಯಾದ ವಿಸ್ತರಣೆ ಕೊಟ್ಟು ತೆರೆದು ನೋಡಬೇಕು. ಮನೆಗೂ ವಾಚನಾಲಯಕ್ಕೂ ನಡುವೆ ಓಡಾಡುವ ಪೆನ್‌ಡ್ರೈವಿನಲ್ಲಿಯೇ ನೇರವಾಗಿ ಕೆಲಸ ಮಾಡುವುದು, ಅದರಲ್ಲೂ ಗುಡುಗುಮಳೆಯ ದಿನಗಳಲ್ಲಿ ಯುಪಿಎಸ್ ಇಲ್ಲದೆ, ಇಂಥ ಹಾನಿಯನ್ನು ಕರೆದು ತರುತ್ತದೆ.

ಭಾರದ ವಿಷಯಕ್ಕೆ ಬಂದರೆ, ಕಂಟ್ರೋಲ್ ಮತ್ತು ಎಂಡ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಎಕ್ಸೆಲ್ ಬಳಕೆಯಲ್ಲಿದೆಯೆಂದು ತಿಳಿದಿರುವ ಕೊನೆಯ ಸೆಲ್ಲಿಗೆ ಹೋಗುತ್ತದೆ. ಒಂದು ಶೀಟಿನಲ್ಲಿ 10,48,576 ಸಾಲುಗಳಿರುತ್ತವೆ. ನಮ್ಮ ಪಟ್ಟಿ ಎಂದೋ ಮುಗಿದರೂ ಕರ್ಸರ್ ಬಹುತೇಕ ತಳಕ್ಕೇ ಇಳಿಯಿತು, ಯಾಕೆಂದರೆ ಗೆರೆ ಮತ್ತು ಬಣ್ಣವನ್ನು ಯಾರೋ ಕೆಳಗಿನವರೆಗೂ ಎಳೆದಿದ್ದರು. ಅವಧಿ ಮೀರಿದ ಪುಸ್ತಕಗಳನ್ನು ಕೆಂಪಾಗಿ ತೋರಿಸುವ ಕಂಡಿಷನಲ್ ಫಾರ್ಮ್ಯಾಟಿಂಗ್ ನಿಯಮ ಕಾಪಿ-ಪೇಸ್ಟಿನಿಂದ ಚೂರುಚೂರಾಗಿ ಹೆಚ್ಚಿತ್ತು. ಅಂತರ್ಜಾಲದಿಂದ ಪುಸ್ತಕಗಳ ವಿವರ ಅಂಟಿಸಿದಾಗ ಕಣ್ಣಿಗೆ ಬೀಳದಷ್ಟು ಸಣ್ಣ ಚಿತ್ರಗಳೂ ಜೊತೆಗೆ ಬಂದಿದ್ದವು. ಜಿಪ್ ಆಗಿ ಕುಗ್ಗಿರುವ ಫೈಲ್ ಡಿಸ್ಕಿನಲ್ಲಿ ಚಿಕ್ಕದಾಗಿ ಕಂಡರೂ ತೆರೆದಾಗ ಮೆಮೊರಿಯಲ್ಲಿ ಹಿಗ್ಗುತ್ತದೆ. 32 ಬಿಟ್ ವಿಂಡೋಸ್ ಇರುವ ಹಳೆಯ ಕಂಪ್ಯೂಟರಿನಲ್ಲಿ ಒಂದು ಪ್ರೋಗ್ರಾಮಿಗೆ ಸಾಮಾನ್ಯವಾಗಿ ಸಿಗುವುದು 2 ಜಿಬಿ ಮಾತ್ರ. ಎಕ್ಸೆಲ್ಲನ್ನು ಆಡ್-ಇನ್‌ಗಳು (ಅದಕ್ಕೆ ಸೇರಿಸುವ ಹೆಚ್ಚುವರಿ ಸಲಕರಣೆಗಳು) ಇಲ್ಲದೆ ನಡೆಸುವ ಸೇಫ್ ಮೋಡಿನಲ್ಲಿ ತೆರೆದಾಗಲೂ ಫೈಲ್ ನಿಂತುಹೋದದ್ದರಿಂದ, ತೊಂದರೆ ಆಡ್-ಇನ್‌ಗಳದ್ದಲ್ಲವೆಂದು ಮೊದಲೇ ಖಚಿತವಾಗಿತ್ತು.

ಕೆಟ್ಟ ಫೈಲಿನ ಪ್ರತಿಯನ್ನು ‘ಓಪನ್ ಆ್ಯಂಡ್ ರಿಪೇರ್’ ಮೂಲಕ ತೆರೆಯುವುದು ಮೊದಲ ಹೆಜ್ಜೆ. ಅದಕ್ಕೂ ಬಗ್ಗದಿದ್ದರೆ ಲಿಬ್ರೆಆಫೀಸ್ ಕ್ಯಾಲ್ಕ್ ಎಂಬ ಉಚಿತ ತಂತ್ರಾಂಶ ಕೆಲವೊಮ್ಮೆ ತೆರೆಯುತ್ತದೆ. ಆದರೆ ರಿಪೇರಿಯಾದ ಫೈಲಿನಲ್ಲಿಯೇ ಮುಂದುವರಿಯುವುದು ಸರಿಯಲ್ಲವೆಂಬುದು ನನ್ನ ದೃಢ ಅಭಿಪ್ರಾಯ. ಶೀಟನ್ನು ಹಾಗೆಯೇ ಹೊಸ ಫೈಲಿಗೆ ಸ್ಥಳಾಂತರಿಸಿದರೆ ಹಳೆಯ ಸ್ಟೈಲುಗಳೂ ಹಿಂಬಾಲಿಸುತ್ತವೆ. ಮಾಹಿತಿ ಇರುವ ಸಾಲುಗಳನ್ನಷ್ಟೇ ಆಯ್ದು, ‘ಪೇಸ್ಟ್ ವ್ಯಾಲ್ಯೂಸ್’ ಮೂಲಕ (ಅಲಂಕಾರ, ಸೂತ್ರಗಳನ್ನು ಬಿಟ್ಟು ಮಾಹಿತಿಯನ್ನಷ್ಟೇ ಅಂಟಿಸಿ) ಖಾಲಿ ಫೈಲಿಗೆ ಹಾಕಿ, ಸೂತ್ರಗಳನ್ನೂ ನಿಯಮಗಳನ್ನೂ ಹೊಸದಾಗಿ ಬರೆಯುವುದು ಉತ್ತಮ. ಸಿಎಸ್‌ವಿಯಾಗಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಬರಿಯ ಪಠ್ಯದ ಫೈಲಾಗಿ) ತೆಗೆಯುವವರು ‘ಸಿಎಸ್‌ವಿ ಯುಟಿಎಫ್-8’ ಎಂಬುದನ್ನೇ ಆರಿಸಬೇಕು. ಸಾಮಾನ್ಯ ಸಿಎಸ್‌ವಿಯಲ್ಲಿ ಕನ್ನಡ, ಮಲಯಾಳ ಅಕ್ಷರಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿಬಿಡುತ್ತವೆ, ಅವನ್ನು ಮರಳಿ ಪಡೆಯಲಾಗದು.

ಪೇಸ್ಟ್ ವ್ಯಾಲ್ಯೂಸ್ ಮಾಡಿದಾಗ ಹಳೆಯ ಕೆಲವು ಸಾಲುಗಳು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಂಡವು. ಅವು ಕೆಟ್ಟಿರಲಿಲ್ಲ. ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ (ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೇ ಕನ್ನಡದ ರೂಪ ಕೊಡುವ ಫಾಂಟಿನಲ್ಲಿ) ಟೈಪ್ ಮಾಡಿದ್ದ ಹೆಸರುಗಳು, ಫಾಂಟ್ ಬಿಟ್ಟುಹೋದ ಕೂಡಲೇ ಹಾಗೆ ಕಾಣುತ್ತವೆ. ಅಂಥ ಸೆಲ್ಲುಗಳನ್ನು, ಕನ್ನಡಕ್ಕೇ ಪ್ರತ್ಯೇಕ ಸಂಕೇತಗಳಿರುವ ಯೂನಿಕೋಡಿಗೆ ಪರಿವರ್ತಿಸಿ ಹೊಸ ಫೈಲಿಗೆ ಸೇರಿಸಬೇಕು. ಒತ್ತಕ್ಷರ, ಅರ್ಕಾವತ್ತುಗಳು ತಪ್ಪುವ ಸಂಭವ ಇರುವುದರಿಂದ ಕಣ್ಣಿನಿಂದಲೂ ನೋಡಲೇಬೇಕು.

ಈಗ ಫೈಲ್ ವಾಚನಾಲಯದ ಕಂಪ್ಯೂಟರಿನ ಡಿಸ್ಕಿನಲ್ಲಿಯೇ ಇದೆ. ಕೆಲಸ ಮುಗಿದು ಎಕ್ಸೆಲ್ ಮುಚ್ಚಿದ ಮೇಲೆ ಹೆಸರಿನಲ್ಲಿ ತಾರೀಕು ಸೇರಿಸಿದ ಒಂದು ಪ್ರತಿ ಪೆನ್‌ಡ್ರೈವಿಗೆ ಹೋಗುತ್ತದೆ. ಹಿಂದಿನ ಪ್ರತಿಗಳನ್ನು ಅಳಿಸುವುದಿಲ್ಲ. ತಾನಾಗಿ ಉಳಿಸಿಕೊಳ್ಳುವ ಆಟೋರಿಕವರ್‌ನ ಅಂತರವನ್ನು ಮೊದಲಿದ್ದ 10 ನಿಮಿಷದಿಂದ 3ಕ್ಕೆ ಇಳಿಸಿದ್ದೇವೆ. ಯುಪಿಎಸ್ ಬಂದಿದೆ. ನುಡಿಯಿಂದ ಪರಿವರ್ತಿಸಿದ ಹೆಸರುಗಳನ್ನು ಹಳೆಯ ಸ್ಟಾಕ್ ರಿಜಿಸ್ಟರಿನ ಪುಟಗಳೊಡನೆ ಹೋಲಿಸುವ ಕೆಲಸ ನಡೆಯುತ್ತಿದೆ. ಕನ್ನಡ ಕಾದಂಬರಿಗಳ ಭಾಗ ಮುಗಿದಿದೆ, ಯಕ್ಷಗಾನ ಪ್ರಸಂಗಗಳ ಭಾಗ ಬಾಕಿಯಿದೆ.