ಮೊಟ್ಟೆಯೊಳಗಿನ ಮೀನಿಗೆ ಕಿವಿರಿಲ್ಲ

ಸಮುದ್ರದ ನೀರು ಹುಳಿಯಾಗುತ್ತಿದೆ ಎಂದ ಕೂಡಲೇ ಹವಳ, ಕಪ್ಪೆಚಿಪ್ಪು, ಸಿಂಪಿಗಳ ಮಾತು ಬರುತ್ತದೆ. ಮೀನಿಗೆ ಚಿಪ್ಪಿಲ್ಲವಲ್ಲ, ಅದಕ್ಕೇನು ತೊಂದರೆ ಎಂದು ಕೇಳುವವರಿದ್ದಾರೆ. ಬಲಿತ ಮೀನಿನ ಮಟ್ಟಿಗೆ ಆ ಪ್ರಶ್ನೆ ಬಹುಪಾಲು ಸರಿ. ರಕ್ತಕ್ಕೆ ಇಂಗಾಲದ ಡೈಆಕ್ಸೈಡ್ ಹೆಚ್ಚು ಸೇರಿದರೆ ಕಿವಿರಿನ ವಿಶೇಷ ಕೋಶಗಳು ಹೈಡ್ರೋಜನ್ ಅಯಾನುಗಳನ್ನು ಹೊರತಳ್ಳುತ್ತವೆ, ಬೈಕಾರ್ಬೊನೇಟನ್ನು ಒಳಗೇ ಕೂಡಿಡುತ್ತವೆ. ಕೆಲವು ಗಂಟೆಗಳಲ್ಲಿ, ಹೆಚ್ಚೆಂದರೆ ಒಂದೆರಡು ದಿನಗಳಲ್ಲಿ ರಕ್ತದ ಪಿಎಚ್ (ಹುಳಿಯ ಅಳತೆ; ಇಳಿದಷ್ಟೂ ಹುಳಿ ಹೆಚ್ಚು) ಮೊದಲಿನ ಮಟ್ಟಕ್ಕೆ ಬರುತ್ತದೆ. ಆದರೆ ಮೊಟ್ಟೆಯೊಳಗಿನ ಭ್ರೂಣಕ್ಕೆ ಕೆಲಸ ಮಾಡುವ ಕಿವಿರೇ ಇಲ್ಲ. ಚರ್ಮದ ಮೇಲೂ ಹಳದಿ ಚೀಲದ ಮೇಲೂ ಚದುರಿದ ಕೆಲವು ಕೋಶಗಳೇ ಆ ಕೆಲಸವನ್ನೆಲ್ಲ ಮಾಡಬೇಕು. ಮೊಟ್ಟೆ ಒಡೆದ ಮೇಲೂ ಕಿವಿರು ಬಲಿಯುವವರೆಗೆ ಇದೇ ಸ್ಥಿತಿ. ಪೆಟ್ಟು ಬೀಳುವುದು ಈ ಅವಧಿಯಲ್ಲಿ.

ಮೊದಲು ಲೆಕ್ಕ. ಕೈಗಾರಿಕಾ ಯುಗಕ್ಕೆ ಮುಂಚೆ ಗಾಳಿಯಲ್ಲಿ ಸುಮಾರು 280 ಪಿಪಿಎಂ (ಹತ್ತು ಲಕ್ಷದಲ್ಲಿ 280 ಭಾಗ) ಇದ್ದ ಇಂಗಾಲದ ಡೈಆಕ್ಸೈಡ್ ಈಗ 420 ದಾಟಿದೆ. ನಾವು ಹೊರಬಿಡುವುದರಲ್ಲಿ ಕಾಲು ಭಾಗದಷ್ಟನ್ನು ಸಮುದ್ರ ಹೀರುತ್ತದೆ. ಮೇಲ್ಮೈ ನೀರಿನ ಸರಾಸರಿ ಪಿಎಚ್ 8.2ರ ಆಸುಪಾಸಿನಿಂದ 8.1ಕ್ಕೆ ಇಳಿದಿದೆ. ಪಿಎಚ್ ಲಾಗರಿದಮ್ ಮಾಪಕವಾದ್ದರಿಂದ 0.1 ಇಳಿದರೆ ಹೈಡ್ರೋಜನ್ ಅಯಾನು ಶೇ 26ರಷ್ಟು ಏರಿತೆಂದು ಅರ್ಥ; 0.3 ಇಳಿದರೆ ಅದು ಎರಡು ಪಟ್ಟು. ಹಾಗಿದ್ದರೂ ನೀರು ಕ್ಷಾರೀಯವಾಗಿಯೇ ಇರುತ್ತದೆ. 'ಆಮ್ಲದ ಸಮುದ್ರ' ಎಂಬ ತಲೆಬರಹ ನೋಡಿದರೆ ಆ ಲೇಖನವನ್ನು ಸ್ವಲ್ಪ ಅನುಮಾನದಿಂದಲೇ ಓದಿ.

ಬಿಸಿಯ ಕೆಲಸ ಇನ್ನೂ ನೇರ. ತಾಪ 10 ಡಿಗ್ರಿ ಏರಿದರೆ ಮೀನಿನ ಚಯಾಪಚಯ ಎರಡರಿಂದ ಮೂರು ಪಟ್ಟಾಗುತ್ತದೆ. ಹಳದಿ ಚೀಲದಲ್ಲಿರುವುದು ತಾಯಿ ಕಟ್ಟಿಕೊಟ್ಟ ಬುತ್ತಿ, ಅದರ ಅಳತೆ ಮೊದಲೇ ನಿಗದಿಯಾಗಿರುತ್ತದೆ. ನೀರು ಬೆಚ್ಚಗಾದಷ್ಟೂ ಅದು ಬೇಗ ಮುಗಿಯುತ್ತದೆ. ಬಾಯಿ ತೆರೆದ ಮರಿಗೆ ಮೊದಲ ತುತ್ತು ಸಿಗಲೇಬೇಕಾದ ಗಡುವು ಹತ್ತಿರವಾಗುತ್ತದೆ. ಆ ಹೊತ್ತಿಗೆ ಸುತ್ತಮುತ್ತ ಸಣ್ಣ ಪ್ಲಾಂಕ್ಟನ್ (ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳು) ಇಲ್ಲದಿದ್ದರೆ ಮರಿ ಉಳಿಯದು. ಜತೆಗೆ ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ. 35 ಲವಣಾಂಶದ (ಕಿಲೋಗೆ ಸುಮಾರು 35 ಗ್ರಾಂ ಉಪ್ಪಿರುವ) ಸಮುದ್ರದ ನೀರು 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 7.4 ಮಿಲಿಗ್ರಾಂ ಹಿಡಿದಿಟ್ಟುಕೊಂಡರೆ, 30 ಡಿಗ್ರಿಯಲ್ಲಿ 6.2 ಮಾತ್ರ. ಬೇಡಿಕೆ ಏರುವಾಗಲೇ ಪೂರೈಕೆ ಇಳಿಯುತ್ತದೆ. ಭ್ರೂಣಕ್ಕೆ ಆಮ್ಲಜನಕ ಬರುವುದು ಮೊಟ್ಟೆಯ ಪೊರೆಯ ಮೂಲಕ ಸೋಸಿಕೊಂಡು, ಆ ವೇಗವನ್ನು ಹೆಚ್ಚಿಸಿಕೊಳ್ಳುವ ದಾರಿ ಅದಕ್ಕಿಲ್ಲ.

ಈ ಇಕ್ಕಟ್ಟು ಎಷ್ಟೆಂಬುದನ್ನು 2020ರಲ್ಲಿ ಡಾಲ್ಕೆ ಮತ್ತು ಸಂಗಡಿಗರು 694 ಜಾತಿಗಳ ಮಾಹಿತಿ ಕೂಡಿಸಿ ತೋರಿಸಿದರು. ಮೊಟ್ಟೆಗಳೂ ಮೊಟ್ಟೆಯಿಡುವ ಹಂತದ ಮೀನುಗಳೂ ತಾಳುವ ತಾಪದ ಹರವು ಉಳಿದ ಹಂತಗಳ ಮೀನುಗಳದಕ್ಕಿಂತ ಬಹಳ ಕಿರಿದು. ಒಂದು ಜಾತಿ 'ಇಷ್ಟು ಡಿಗ್ರಿವರೆಗೆ ಬದುಕುತ್ತದೆ' ಎಂದು ಬಲಿತ ಮೀನನ್ನು ನೋಡಿ ಬರೆದ ಕೋಷ್ಟಕಗಳು ಮುಂದಿನ ತಲೆಮಾರಿನ ವಿಷಯದಲ್ಲಿ ದಾರಿ ತಪ್ಪಿಸುತ್ತವೆ.

ಬಿಸಿ, ಹುಳಿ ಎರಡೂ ಕೂಡಿದರೆ? ಇದೇ ಗುಂಪು 2018ರಲ್ಲಿ ಅಟ್ಲಾಂಟಿಕ್ ಕಾಡ್ ಮತ್ತು ಪೋಲಾರ್ ಕಾಡ್ ಎಂಬ ಮೀನುಗಳ ಮೊಟ್ಟೆಗಳನ್ನು ಹೀಗೆ ಪರೀಕ್ಷಿಸಿತು. ಇಂಗಾಲದ ಡೈಆಕ್ಸೈಡನ್ನು ಸುಮಾರು 1,100 ಪಿಪಿಎಂಗೆ ಸಮನಾಗಿಟ್ಟಾಗ ತಾಪದ ಹರವು ಇನ್ನಷ್ಟು ಕುಗ್ಗಿತು. ಅಯಾನು ಹೊರತಳ್ಳಲು ಶಕ್ತಿ ಖರ್ಚಾಗುತ್ತದೆ, ಬಿಸಿಯೂ ಅದೇ ಶಕ್ತಿಯನ್ನು ಬೇಡುತ್ತದೆ. 2016ರ ಇನ್ನೊಂದು ಪ್ರಯೋಗದಲ್ಲಿ ಅಷ್ಟೇ ಹುಳಿಯಲ್ಲಿ ಕಾಡ್ ಮರಿಗಳ ದಿನವಹಿ ಸಾವು ಮೊದಲ 25 ದಿನ ದುಪ್ಪಟ್ಟಾಗಿತ್ತು. ದಿನಕ್ಕೆ ದುಪ್ಪಟ್ಟು ಅಂದರೆ ತಿಂಗಳ ಕೊನೆಗೆ ಉಳಿದವು ಅರ್ಧ ಎಂದಲ್ಲ, ಅದಕ್ಕಿಂತ ಬಹಳ ಕಡಿಮೆ. ಈ ಗುಣಾಕಾರವನ್ನು ಹೆಚ್ಚಿನವರು ಮರೆಯುತ್ತಾರೆ. ವಾಯವ್ಯ ಅಟ್ಲಾಂಟಿಕಿನ ಸ್ಯಾಂಡ್ ಲ್ಯಾನ್ಸ್ ಎಂಬ ಮೀನಿನಲ್ಲಿ ಕಂಡದ್ದು ಬೇರೆಯೇ ಬಗೆ: ಭ್ರೂಣ ಪೂರ್ತಿ ಬೆಳೆದರೂ ಮೊಟ್ಟೆ ಒಡೆದು ಹೊರಬರುವುದಿಲ್ಲ. ಪೊರೆ ಕರಗಿಸುವ ಕಿಣ್ವ ಕಡಿಮೆ ಪಿಎಚ್‌ನಲ್ಲಿ ಮಂದವಾಗುತ್ತದೆ ಎಂಬುದು ಅದಕ್ಕೆ ಕೊಡುವ ವಿವರಣೆ.

ಇನ್ನೊಂದು ವಿಚಿತ್ರ ಒಳಕಿವಿಯ ಕಲ್ಲಿನದು. ಅದು ಸುಣ್ಣದ್ದೇ, ಹುಳಿಯಲ್ಲಿ ಸವೆಯಬೇಕಿತ್ತು. 2009ರಲ್ಲಿ ಬಿಳಿ ಸೀಬಾಸ್ ಮರಿಗಳನ್ನು ನೋಡಿದಾಗ ಅದು ದೊಡ್ಡದಾಗಿತ್ತು. ಕಾರಣ ಮೇಲೆ ಹೇಳಿದ್ದೇ: ರಕ್ತದ ಪಿಎಚ್ ಕಾಯಲು ಮರಿ ಬೈಕಾರ್ಬೊನೇಟ್ ಕೂಡಿಡುತ್ತದೆ, ಅದು ಒಳಕಿವಿಯ ದ್ರವಕ್ಕೂ ಸೇರಿ ಸುಣ್ಣ ಹೆಚ್ಚು ಕಟ್ಟಿಕೊಳ್ಳುತ್ತದೆ.

ಈಗ ಜನಪ್ರಿಯ ಕಥೆಗೆ ಬರೋಣ. ಹುಳಿ ನೀರಿನಲ್ಲಿ ಬೆಳೆದ ಕ್ಲೌನ್‌ಫಿಶ್ ಮರಿ ವಾಸನೆ ಗುರುತಿಸಲಾರದೆ ಬೇಟೆಗಾರ ಮೀನಿನ ಕಡೆಗೇ ಹೋಗುತ್ತದೆ ಎಂಬ ವರದಿಗಳು 2009ರಿಂದ ಬಂದವು. ಪತ್ರಿಕೆಗಳಿಗೆ ಇದಕ್ಕಿಂತ ಒಳ್ಳೆಯ ಕಥೆ ಬೇಕೆ? 2020ರಲ್ಲಿ ಕ್ಲಾರ್ಕ್ ಮತ್ತಿತರರು ಹವಳದ ದಿಬ್ಬದ ಆರು ಜಾತಿಗಳ 900ಕ್ಕೂ ಹೆಚ್ಚು ಮೀನುಗಳ ಮೇಲೆ, ವಿಡಿಯೊ ದಾಖಲೆಯೊಂದಿಗೆ ಪರೀಕ್ಷೆ ಮಾಡಿದಾಗ ಅಂಥ ಪರಿಣಾಮ ಕಾಣಲಿಲ್ಲ. 2022ರ ಒಂದು ಮರುವಿಶ್ಲೇಷಣೆ ಇನ್ನೂ ಕಟುವಾಗಿತ್ತು: ಮೊದಲ ವರ್ಷಗಳ ವರದಿಗಳಲ್ಲಿ ಭಾರಿ ಪರಿಣಾಮ, ಬರಬರುತ್ತಾ ಸೊನ್ನೆಗೆ ಹತ್ತಿರ, ದೊಡ್ಡ ಪರಿಣಾಮ ಹೇಳಿದವು ಹೆಚ್ಚಾಗಿ ಕಡಿಮೆ ಮೀನು ಬಳಸಿದ ಪ್ರಯೋಗಗಳು. ನಮ್ಮ ನಿಲುವು ಇಷ್ಟು: ಮೊಟ್ಟೆ, ಭ್ರೂಣ, ಅಂಗಗಳ ಮೇಲಿನ ಹಾನಿಯ ವಾದ ಗಟ್ಟಿ, ಜಾತಿಯಿಂದ ಜಾತಿಗೆ ಬದಲಾದರೂ. ವಾಸನೆ ಕಳೆದುಕೊಳ್ಳುವ ಕಥೆಯನ್ನು ಪಾಠಗಳಿಂದ ತೆಗೆದುಬಿಡುವುದೇ ಒಳ್ಳೆಯದು.

ಪ್ರಯೋಗ ಎಲ್ಲಿ ಕೆಡುತ್ತದೆ ಎಂದು ತಿಳಿದರೆ ವರದಿಯ ಜಳ್ಳು ಬೇಗ ಗೊತ್ತಾಗುತ್ತದೆ. ಪಿಎಚ್ ಇಳಿಸಲು ಹೈಡ್ರೋಕ್ಲೋರಿಕ್ ಆಮ್ಲ ಸುರಿದು ಬಿಟ್ಟರೆ ಕ್ಷಾರೀಯತೆಯೂ (ಆಮ್ಲವನ್ನು ತಟಸ್ಥಗೊಳಿಸುವ ನೀರಿನ ಸಾಮರ್ಥ್ಯ) ಇಳಿಯುತ್ತದೆ. ಸಮುದ್ರದಲ್ಲಿ ಆಗುತ್ತಿರುವುದು ಅದಲ್ಲ. ಗಾಳಿಗೆ ಇಂಗಾಲದ ಡೈಆಕ್ಸೈಡ್ ಬೆರೆಸಿ ಗುಳ್ಳೆ ಬಿಡಬೇಕು. ಪಿಎಚ್ 4, 7, 10ರ ಮಾಮೂಲಿ ಬಫರಿನಲ್ಲಿ (ಪಿಎಚ್ ಮೊದಲೇ ಗೊತ್ತಿರುವ ದ್ರಾವಣ) ಸರಿಹೊಂದಿಸಿದ ಎಲೆಕ್ಟ್ರೋಡ್ ಉಪ್ಪುನೀರಿನಲ್ಲಿ 0.1ರಷ್ಟು ತಪ್ಪು ತೋರಿಸಬಲ್ಲದು, ಅಂದರೆ ಎರಡು ಶತಮಾನದ ಬದಲಾವಣೆಯಷ್ಟೇ ತಪ್ಪು. ಸಮುದ್ರದ ಲವಣಾಂಶದಲ್ಲೇ ತಯಾರಿಸಿದ ಟ್ರಿಸ್ ಬಫರ್ (25 ಡಿಗ್ರಿಯಲ್ಲಿ 8.09) ಬಳಸಿ, ಅಥವಾ ಮೆಟಾಕ್ರೆಸಾಲ್ ಪರ್ಪಲ್ ಬಣ್ಣ ಹಾಕಿ 434 ಮತ್ತು 578 ನ್ಯಾನೋಮೀಟರಿನ ಬೆಳಕನ್ನು ಅದು ಎಷ್ಟು ಹೀರುತ್ತದೆಂದು ಅಳೆಯಿರಿ. ಪಿಎಚ್ ಜತೆಗೆ ಒಟ್ಟು ಕ್ಷಾರೀಯತೆಯೂ ಬೇಕು. ಎರಡಿದ್ದರೆ ಉಳಿದದ್ದನ್ನು ಲೆಕ್ಕದಿಂದ ತೆಗೆಯಬಹುದು. ಒಂದೇ ತೊಟ್ಟಿಯ 200 ಮರಿಗಳು 200 ಮಾದರಿಗಳಲ್ಲ, ಒಂದೇ ಮಾದರಿ. ಮರಿಗಳಿಗೆ ತಿನಿಸಾಗಿ ಹಾಕುವ ರೋಟಿಫರ್ ಎಂಬ ಸೂಕ್ಷ್ಮಜೀವಿಯನ್ನು ಹೆಚ್ಚು ಸುರಿದು ಮುಚ್ಚಿಟ್ಟ ತೊಟ್ಟಿಯಲ್ಲಿ ರಾತ್ರಿ ಉಸಿರಾಟದಿಂದಲೇ ಇಂಗಾಲದ ಡೈಆಕ್ಸೈಡ್ ಏರುತ್ತದೆ, ಹಾಗಾಗಿ ಬೆಳಗ್ಗೆ ಮಾತ್ರ ಅಥವಾ ಸಂಜೆ ಮಾತ್ರ ಅಳೆದ 'ಸಾಮಾನ್ಯ' ತೊಟ್ಟಿಯ ಅಂಕಿ ನಂಬುವಂತಿಲ್ಲ. ತಂದೆತಾಯಿ ಮೀನು ಯಾವ ನೀರಿನಲ್ಲಿತ್ತು ಎಂಬುದನ್ನೂ ಕೇಳಿ. ಅಟ್ಲಾಂಟಿಕ್ ಸಿಲ್ವರ್‌ಸೈಡ್ ಎಂಬ ಮೀನಿನಲ್ಲಿ ವಸಂತದ ಆರಂಭದ ಮರಿಗಳು ಹುಳಿಗೆ ಸೊರಗಿದವು, ಕೊಲ್ಲಿಯ ಪಿಎಚ್ ತಾನಾಗಿ ಇಳಿದ ಮೇಲೆ ಹುಟ್ಟಿದವು ತಾಳಿಕೊಂಡವು.

ನಮ್ಮ ಕರಾವಳಿಗೆ ಇದನ್ನು ಹಾಗೇ ಅನ್ವಯಿಸುವಂತಿಲ್ಲ. ಚೆನ್ನೈ ಕಡಲಿನ ರಾಣಿಮೀನುಗಳು ಬೇಸಿಗೆಯ ಬದಲು ತಂಪಿನ ತಿಂಗಳುಗಳಲ್ಲಿ ಹೆಚ್ಚು ಮೊಟ್ಟೆಯಿಡತೊಡಗಿದ್ದನ್ನು ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ದಾಖಲಿಸಿದ್ದಾರೆ. ಅದು ಬಿಸಿಯ ಗುರುತು. ಬೂತಾಯಿಯ (ಎಣ್ಣೆ ಸಾರ್ಡೀನ್) ಲೆಕ್ಕ ಗೋಜಲು. ಕೇರಳದಲ್ಲಿ 2012ರಲ್ಲಿ ನಾಲ್ಕು ಲಕ್ಷ ಟನ್ನಿನ ಹತ್ತಿರ ಸಿಕ್ಕ ಬೂತಾಯಿ 2021ರಲ್ಲಿ 3,297 ಟನ್ನಿಗೆ ಕುಸಿಯಿತು. ಅದನ್ನು ಹುಳಿಯ ತಲೆಗೆ ಕಟ್ಟುವುದು ತಪ್ಪು, ಬಿಸಿಯೊಂದರ ತಲೆಗೆ ಕಟ್ಟುವುದೂ ತಪ್ಪು. ಸಣ್ಣ ಮೀನನ್ನೂ ಬಿಡದೆ ಬಲೆಗೆ ಎಳೆದದ್ದನ್ನು ಮರೆತು ಯಾವ ವಿವರಣೆಯೂ ನಿಲ್ಲದು.

ಬೂತಾಯಿ ಮೊಟ್ಟೆಯಿಡುವ ಮಳೆಗಾಲದಲ್ಲಿ ಮಂಗಳೂರಿನಿಂದ ಕೊಲ್ಲಂವರೆಗೆ ಆಳದ ನೀರು ಮೇಲೇಳುತ್ತದೆ. ಅದು ತಂಪು, ಆದರೆ ಇಂಗಾಲದ ಡೈಆಕ್ಸೈಡ್ ಹೆಚ್ಚಿರುವ, ಆಮ್ಲಜನಕ ಕಡಿಮೆಯಿರುವ ನೀರು. ಪ್ಲಾಂಕ್ಟನ್ ಉಕ್ಕುವುದೂ ಅದರಿಂದಲೇ. ಅಂದರೆ ಇಲ್ಲಿ ಹುಳಿ ಬರುವುದು ತಂಪಿನ ಜತೆ, ಆಹಾರದ ಜತೆ. ಬಿಸಿ ಬರುವುದು ಏಪ್ರಿಲ್, ಮೇ ತಿಂಗಳಲ್ಲಿ ಬೇರೆಯಾಗಿ. ಯುರೋಪಿನ ಮಾದರಿಯಲ್ಲಿ 31 ಡಿಗ್ರಿ ಮತ್ತು 7.8 ಪಿಎಚ್ ಒಟ್ಟಿಗೆ ಇಟ್ಟ ತೊಟ್ಟಿ ಬೂತಾಯಿಯ ಜುಲೈ ತಿಂಗಳನ್ನು ಹೋಲುವುದಿಲ್ಲ. ಇಲ್ಲಿ ಪರೀಕ್ಷಿಸಬೇಕಾದ ಜೋಡಿ ಹುಳಿ ಮತ್ತು ಆಮ್ಲಜನಕದ ಕೊರತೆ. ಬಿಸಿಗೆ ಇನ್ನೊಂದು ಸಾಲು ತೊಟ್ಟಿ ಬೇಕು, ಅದರಲ್ಲಿ ಮಳೆಗಾಲಕ್ಕೆ ಮುಂಚಿನ ತಾಯಿಮೀನುಗಳಿರಬೇಕು.