ಮೊದಲು ಕ್ರಿಯಾಪದ ಹುಡುಕಿ: ಪಠ್ಯದ ಇಂಗ್ಲಿಷ್ ಅರ್ಥವಾಗದವರಿಗೆ

ಕನ್ನಡ ಮಾಧ್ಯಮದಿಂದ ವಿಶ್ವವಿದ್ಯಾಲಯಕ್ಕೆ ಬಂದವರು ಇಂಗ್ಲಿಷ್ ಮಾತಿಗೆ ಹೆದರುತ್ತಾರೆ. ಆದರೆ ನಿಜವಾದ ಪೆಟ್ಟು ಬೀಳುವುದು ಓದಿನಲ್ಲಿ. ಟೆನ್ಸ್, ವಾಯ್ಸ್ ಎಲ್ಲ ಬಾಯಿಪಾಠವಿದ್ದರೂ ಪಠ್ಯದ ಒಂದು ಪುಟ ತಲೆಗೆ ಹತ್ತುವುದಿಲ್ಲ. ಇದಕ್ಕೆ ದಡ್ಡತನ ಕಾರಣವಲ್ಲ, ವಾಕ್ಯದ ಕಟ್ಟು ಕಾರಣ.

ಕನ್ನಡದಲ್ಲಿ ವಿವರಣೆ ಮೊದಲು, ನಾಮಪದ ಆಮೇಲೆ: ‘ಪಾತ್ರೆಯಲ್ಲಿ ಹಿಡಿದಿಟ್ಟ ಅನಿಲ’. ಇಂಗ್ಲಿಷ್‌ನಲ್ಲಿ ಅದೇ ವಿವರಣೆ ನಾಮಪದದ ನಂತರ ಬರುತ್ತದೆ: ‘ದ ಗ್ಯಾಸ್ ಹೆಲ್ಡ್ ಇನ್ ದ ವೆಸೆಲ್ ಎಕ್ಸರ್ಟ್ಸ್ ಪ್ರೆಷರ್’ (ಪಾತ್ರೆಯಲ್ಲಿ ಹಿಡಿದಿಟ್ಟ ಅನಿಲ ಒತ್ತಡ ಹಾಕುತ್ತದೆ). ‘ಹೆಲ್ಡ್’ ಕಂಡೊಡನೆ ‘ಅನಿಲ ಹಿಡಿಯಿತು’ ಎಂದು ಓದಿಬಿಟ್ಟರೆ ಮುಂದಿನ ‘ಎಕ್ಸರ್ಟ್ಸ್’ಗೆ ಜಾಗವೇ ಉಳಿಯುವುದಿಲ್ಲ. ಉದ್ದದ ವಾಕ್ಯಗಳಲ್ಲಿ ಇಂಥ ಎಡವಟ್ಟು ಎರಡು ಮೂರು ಕಡೆ ಆಗುತ್ತದೆ.

ಪೆನ್ಸಿಲ್ ಹಿಡಿದು ಮುಖ್ಯ ಕ್ರಿಯಾಪದಕ್ಕೆ ಅಡಿಗೆರೆ ಹಾಕಿ. ಯಾವುದೆಂದು ಅನುಮಾನವಾದರೆ ವಾಕ್ಯವನ್ನು ಭವಿಷ್ಯತ್ಕಾಲಕ್ಕೆ ತಿರುಗಿಸಿ. ‘ವಿಲ್ ಎಕ್ಸರ್ಟ್’ ಆಗುತ್ತದೆ, ‘ಹೆಲ್ಡ್’ ಹಾಗೇ ಇರುತ್ತದೆ. ಬದಲಾದದ್ದೇ ಮುಖ್ಯ ಕ್ರಿಯಾಪದ. ಆಮೇಲೆ ‘ಯಾವ ಅನಿಲ?’ ಎಂದು ಕೇಳಿಕೊಂಡು ಉಳಿದ ವಿವರಣೆಯನ್ನು ಕಂಸದೊಳಗೆ ಹಾಕಿ. ದಿನಕ್ಕೆ ಹತ್ತು ವಾಕ್ಯ ಸಾಕು, ಆದರೆ ನಿಮ್ಮದೇ ವಿಷಯದ ಪುಸ್ತಕದಿಂದ ಆರಿಸಿ. ‘ಎ’, ‘ದ’ಗಳ ಚಿಂತೆ ಸದ್ಯಕ್ಕೆ ಬೇಡ, ಅದು ಬರೆಯುವಾಗಿನ ಕಷ್ಟ.

ಇನ್ನು ಪದಗಳು. ಪಾರಿಭಾಷಿಕ ಪದಗಳನ್ನು ಮೇಷ್ಟ್ರು ವಿವರಿಸುತ್ತಾರೆ. ‘ಅಸ್ಯೂಮ್’, ‘ಡಿರೈವ್’, ‘ಕನ್ಸಿಸ್ಟೆಂಟ್’ ಇವುಗಳನ್ನು ಯಾರೂ ವಿವರಿಸುವುದಿಲ್ಲ, ವಾದವೆಲ್ಲ ನಿಂತಿರುವುದು ಇವುಗಳ ಮೇಲೆಯೇ. ಭಾಷಾತಜ್ಞೆ ಏವ್ರಿಲ್ ಕಾಕ್ಸ್‌ಹೆಡ್ 2000ದಲ್ಲಿ ಪ್ರಕಟಿಸಿದ ಅಕಾಡೆಮಿಕ್ ವರ್ಡ್ ಲಿಸ್ಟ್‌ನಲ್ಲಿ ಇಂಥ 570 ಪದಕುಟುಂಬಗಳಿವೆ (ಒಂದು ಪದ ಮತ್ತು ಅದರಿಂದ ಹುಟ್ಟಿದ ರೂಪಗಳೆಲ್ಲ ಸೇರಿ ಒಂದು ಕುಟುಂಬ). ಶೈಕ್ಷಣಿಕ ಬರಹದ ಸುಮಾರು ಶೇ. 10ರಷ್ಟು ಪದಗಳು ಇವೇ. ದಿನಕ್ಕೆ ಎಂಟರಂತೆ ಹಿಡಿದರೆ 72 ದಿನದ ಕೆಲಸ. ಒಂದು ಪದಕ್ಕೆ ಒಂದೇ ಕನ್ನಡ ಅರ್ಥ ಬರೆದು ಉರು ಹೊಡೆಯಬೇಡಿ. ಗಣಿತದಲ್ಲಿ ಸೂತ್ರವನ್ನು ‘ಡಿರೈವ್’ ಮಾಡುವುದೇ ಬೇರೆ, ಒಂದು ಪದ ಸಂಸ್ಕೃತದಿಂದ ‘ಡಿರೈವ್’ ಆಗುವುದೇ ಬೇರೆ. ಪದ ಕಂಡ ವಾಕ್ಯವನ್ನು ಇಡಿಯಾಗಿ ಬರೆದಿಟ್ಟುಕೊಳ್ಳಿ.

ಕಣ್ಣಿಗೆ ಪರಿಚಯವಾದ ಪದ ತರಗತಿಯಲ್ಲಿ ಕಿವಿಗೆ ಸಿಗದೇ ಹೋಗುವುದೂ ಉಂಟು. ‘ಅನಲೈಸ್’ನಲ್ಲಿ ಒತ್ತು ಮೊದಲ ಉಚ್ಚಾರಾಂಶಕ್ಕೆ, ‘ಅನಾಲಿಸಿಸ್’ನಲ್ಲಿ ಎರಡನೆಯದಕ್ಕೆ, ‘ಅನಲಿಟಿಕಲ್’ನಲ್ಲಿ ಮೂರನೆಯದಕ್ಕೆ. ಒತ್ತು ಸರಿದಂತೆ ಉಳಿದ ಸ್ವರಗಳು ಸಣ್ಣಗಾಗಿ ಬಿಡುತ್ತವೆ. ಹಾಗಾಗಿ ಪದ ಬರೆದುಕೊಳ್ಳುವಾಗಲೇ ನಿಘಂಟಿನ ಆ್ಯಪ್‌ನಲ್ಲಿ ಉಚ್ಚಾರಣೆ ಕೇಳಿ, ಒತ್ತು ಬಿದ್ದ ಕಡೆ ಮೇಲೊಂದು ಗೀಟು ಎಳೆಯಿರಿ, ಎರಡು ಸಲ ಗಟ್ಟಿಯಾಗಿ ಹೇಳಿ.