ಮತ್ತೆ ಕುದಿಸಿದರೂ ಹೋಗದ ವಿಷ: ಮದುವೆ ಅಡುಗೆ, ಮೇ ಬಿಸಿಲು, ವಾಂತಿ-ಭೇದಿ

ಕಲಬುರಗಿಯಲ್ಲಿ ಮೇ ತಿಂಗಳ ಮಧ್ಯಾಹ್ನ 42 ಡಿಗ್ರಿ ದಾಟುವುದು ಹೊಸದೇನಲ್ಲ. ಮದುವೆಗಳ ಸಾಲೂ ಆಗಲೇ. ಮುಂಜಾನೆ ಬೇಯಿಸಿದ ಅನ್ನ, ತಹರಿ, ಬ್ಯಾಳಿ ಸಂಜೆಯವರೆಗೂ ಡೇಗಿನಲ್ಲೇ ಕೂತಿರುತ್ತವೆ, ಉಳಿದದ್ದು ಡಬ್ಬಿ ಸೇರಿ ಮನೆಮನೆಗೆ ಹೋಗುತ್ತದೆ. ಯಾರಾದರೂ ಅನುಮಾನಪಟ್ಟರೆ ಸಿಗುವ ಉತ್ತರ: "ಇನ್ನೊಮ್ಮಿ ಛಲೋ ಕುದಿಸ್ರಿ, ಏನೂ ಆಗಂಗಿಲ್ಲ." ಈ ಮಾತು ಕೆಲವು ಬ್ಯಾಕ್ಟೀರಿಯಾಗಳ ವಿಷಯದಲ್ಲಿ ನಿಜ, ಕೆಲವುಗಳ ವಿಷಯದಲ್ಲಿ ಪೂರ್ತಿ ತಪ್ಪು.

ಅನ್ನವನ್ನೇ ತೆಗೆದುಕೊಳ್ಳಿ. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಮಣ್ಣಿನದು, ಅಕ್ಕಿಯ ಜೊತೆಗೇ ಅಡುಗೆಮನೆಗೆ ಬರುತ್ತದೆ. ಅನ್ನ ಕುದಿಯುವಾಗ ಇದರ ಜೀವಕೋಶಗಳು ಸಾಯುತ್ತವೆ, ಶಾಖಕ್ಕೆ ಬಗ್ಗದ ಗಟ್ಟಿ ಕವಚದ ಬೀಜಕಗಳು ಉಳಿಯುತ್ತವೆ. ಅನ್ನ 60 ಡಿಗ್ರಿಗಿಂತ ಕೆಳಗಿಳಿದು ಉಗುರುಬೆಚ್ಚಗೆ ಕೂತಾಗ ಬೀಜಕ ಮೊಳೆಯುತ್ತದೆ, ಕೋಶಗಳು ಹೆಚ್ಚುತ್ತವೆ, ಸೀರಿಯುಲೈಡ್ ಎಂಬ ವಿಷವನ್ನು ಅನ್ನದೊಳಗೇ ಬಿಡುತ್ತವೆ. ಈ ವಿಷ 121 ಡಿಗ್ರಿಯಲ್ಲಿ ಒಂದೂವರೆ ತಾಸು ಇಟ್ಟರೂ ಕೆಡುವುದಿಲ್ಲ. ಪ್ರೆಶರ್ ಕುಕ್ಕರ್ ಮುಟ್ಟುವುದೇ ಸುಮಾರು 120 ಡಿಗ್ರಿ. ಒಗ್ಗರಣೆ ಹಾಕಿ ಚಿತ್ರಾನ್ನ ಮಾಡಿದರೆ ಬ್ಯಾಕ್ಟೀರಿಯಾ ಸಾಯಬಹುದು, ವಿಷ ಹಾಗೇ ಇರುತ್ತದೆ.

ಸ್ಟ್ಯಾಫಿಲೊಕಾಕಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಬರುವುದು ಬೇಯಿಸಿದವರ ಕೈಯಿಂದ. ಎಷ್ಟೋ ಆರೋಗ್ಯವಂತರ ಮೂಗಿನಲ್ಲೂ ಚರ್ಮದ ಮೇಲೂ ಇದು ಇರುತ್ತದೆ, ಕೈಯಲ್ಲಿ ಕೀವುಗಟ್ಟಿದ ಗಾಯವಿದ್ದರಂತೂ ಹೇರಳ. ಬೇಯಿಸಿದ ಆಲೂಗಡ್ಡೆಯನ್ನು ಬರಿಗೈಲಿ ಸುಲಿದು ಹಿಸುಕಿದಾಗ, ಖವಾ ನಾದುವಾಗ ಅದು ಆಹಾರಕ್ಕೆ ಇಳಿಯುತ್ತದೆ. ಇದರ ವಿಷವೂ ಅರ್ಧ ತಾಸು ಕುದಿಸಿದರೆ ಹೋಗುವಂಥದ್ದಲ್ಲ. ವಾಸನೆ, ರುಚಿ, ಬಣ್ಣ ಯಾವುದೂ ಬದಲಾಗಿರುವುದಿಲ್ಲ. ಹಳಸಿದ ವಾಸನೆ ಕೊಡುವ ಸೂಕ್ಷ್ಮಜೀವಿಗಳೇ ಬೇರೆ, ಹಾಗಾಗಿ ಮೂಸಿ ನೋಡಿ "ಛಲೋ ಅದ" ಅನ್ನುವುದರಲ್ಲಿ ಹುರುಳಿಲ್ಲ.

ಕುದಿಸುವುದರಿಂದ ಉಪಯೋಗವಾಗುವುದು ಕ್ಲಾಸ್ಟ್ರಿಡಿಯಮ್ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾದ ವಿಷಯದಲ್ಲಿ. ದೊಡ್ಡ ಪಾತ್ರೆಯ ಮಾಂಸದ ಸಾರು, ದಪ್ಪ ಬ್ಯಾಳಿ ಇದರ ಜಾಗ. 43ರಿಂದ 45 ಡಿಗ್ರಿಯಲ್ಲಿ ಹತ್ತು ನಿಮಿಷದ ಆಸುಪಾಸಿನಲ್ಲೇ ದುಪ್ಪಟ್ಟಾಗಬಲ್ಲದು. ಬೇಸಿಗೆಯಲ್ಲಿ ಮುಚ್ಚಿಟ್ಟ ಡೇಗಿನ ನಡುಭಾಗ ತಾಸುಗಟ್ಟಲೆ ಇದೇ ಶಾಖದಲ್ಲಿರುತ್ತದೆ. ಇದು ವಿಷ ತಯಾರಿಸುವುದು ಮುಖ್ಯವಾಗಿ ನಮ್ಮ ಕರುಳಿನೊಳಗೆ ಹೋದ ಮೇಲೆ. ಹಾಗಾಗಿ ತಿನ್ನುವ ಮುಂಚೆ ತಳದಿಂದ ಕೈಯಾಡಿಸುತ್ತಾ ಕೊತಕೊತ ಕುದಿಸಿದರೆ ಬಚಾವಾಗಬಹುದು. ಆದರೆ ಪಾತ್ರೆಯೊಳಗೆ ಇರುವುದು ಯಾವುದೆಂದು ಹೊರಗಿನಿಂದ ತಿಳಿಯದು.

ಆದ್ದರಿಂದ ಜೋರು ಇರಬೇಕಾದದ್ದು ಅಡುಗೆಯನ್ನು ಬೇಗ ತಣಿಸುವುದರ ಮೇಲೆ. ಉಳಿಯುತ್ತದೆ ಅನ್ನಿಸಿದ ಕೂಡಲೇ ಅನ್ನವನ್ನು ಡೇಗಿನಿಂದ ತೆಗೆದು ಅಗಲವಾದ ಪರಾತಗಳಲ್ಲಿ ಹರವಿ, ದಪ್ಪ 5 ಸೆಂಟಿಮೀಟರ್ ಮೀರಬಾರದು. 40 ಡಿಗ್ರಿಯ ಕೋಣೆಯಲ್ಲಿ ಬರೀ ಫ್ಯಾನ್ ಹಾಕಿದರೆ ಅನ್ನ ಬೇಕಾದಷ್ಟು ತಣ್ಣಗಾಗುವುದಿಲ್ಲ, ಪರಾತದ ಕೆಳಗೆ ಐಸ್ ನೀರು ಬೇಕು. ಎರಡು ತಾಸಿನೊಳಗೆ 21 ಡಿಗ್ರಿ, ಆಮೇಲಿನ ನಾಲ್ಕು ತಾಸಿನೊಳಗೆ ಫ್ರಿಜ್‌ನಲ್ಲಿ 5 ಡಿಗ್ರಿ ಆಗಬೇಕು. ಬಿಸಿ ಬೋಗೋಣಿಯನ್ನು ಇಡಿಯಾಗಿ ಫ್ರಿಜ್‌ಗೆ ತಳ್ಳಿದರೆ ನಡುಭಾಗ ರಾತ್ರಿಯೆಲ್ಲ ಬೆಚ್ಚಗಿದ್ದು ಅಕ್ಕಪಕ್ಕದ ಹಾಲು-ಪಲ್ಯವೂ ಬಿಸಿಯಾಗುತ್ತವೆ. ಐಸ್ ಇಲ್ಲ, ಫ್ರಿಜ್ ಇಲ್ಲ ಅಂದರೆ ಸಣ್ಣ ಉರಿಯ ಮೇಲೆ 60 ಡಿಗ್ರಿಗಿಂತ ಬಿಸಿಯಾಗಿಟ್ಟು ಬಡಿಸಿ. ಅದೂ ಆಗದಿದ್ದರೆ ಒಲೆಯಿಂದ ಇಳಿಸಿದ ಒಂದು ತಾಸಿನೊಳಗೆ ಊಟ ಮುಗಿಯಲಿ. ಹೊರಗಿಟ್ಟ ಅಡುಗೆಗೆ ಹೇಳುವ ಎರಡು ತಾಸಿನ ಲೆಕ್ಕ ತಂಪು ಹವೆಗೆ, 32 ಡಿಗ್ರಿ ಮೀರಿದರೆ ಒಂದೇ ತಾಸು.

ಊಟವಾಗಿ ಎಷ್ಟು ಹೊತ್ತಿಗೆ ವಾಂತಿ-ಭೇದಿ ಶುರುವಾಯಿತು ಎನ್ನುವುದು ದೊಡ್ಡ ಸುಳಿವು. ಒಂದರಿಂದ ಆರು ತಾಸಿನೊಳಗೆ ಜೋರು ವಾಂತಿ ಬಂದರೆ ತಯಾರಾಗಿಯೇ ಇದ್ದ ವಿಷ, ಅಂದರೆ ಸ್ಟ್ಯಾಫಿಲೊಕಾಕಸ್ ಅಥವಾ ಅನ್ನದ ಸೀರಿಯಸ್. ಆ ವಿಷ ಹೊಟ್ಟೆಯ ವೇಗಸ್ ನರದ ಮೂಲಕ ಮಿದುಳಿನ ವಾಂತಿ ಕೇಂದ್ರವನ್ನು ಕೆರಳಿಸುತ್ತದೆ. ಜ್ವರ ಅಷ್ಟಾಗಿ ಇರುವುದಿಲ್ಲ, ಸಾಮಾನ್ಯವಾಗಿ ಒಂದು ದಿನದಲ್ಲಿ ಇಳಿಯುತ್ತದೆ. ಆರರಿಂದ 24 ತಾಸಿಗೆ ಹೊಟ್ಟೆ ಕಡಿತ, ನೀರು ಭೇದಿ ಬಂದರೆ ಪರ್ಫ್ರಿಂಜೆನ್ಸ್ ಇರಬಹುದು. ಜ್ವರವೂ ಸೇರಿ ಒಂದೆರಡು ದಿನ ತಡವಾಗಿ ಬಂದರೆ ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾ ಕರುಳಿನ ಗೋಡೆಯೊಳಗೇ ನುಗ್ಗಿದೆ ಎಂದು ಶಂಕಿಸಬೇಕು. ಭೇದಿಯಲ್ಲಿ ರಕ್ತ ಬಿದ್ದರೆ ಶಿಗೆಲ್ಲಾ ಎಂಬ ಬ್ಯಾಕ್ಟೀರಿಯಾ ನೆನಪಿಗೆ ಬರಬೇಕು.

ಯಾವುದೇ ಇರಲಿ, ಜೀವಕ್ಕೆ ಕುತ್ತು ಬರುವುದು ಹೆಚ್ಚಾಗಿ ನೀರು-ಉಪ್ಪು ಸೋರುವುದರಿಂದ. ಕುಡಿದದ್ದು, ಜೊಲ್ಲು, ಪಿತ್ತ, ಜಠರರಸ ಎಲ್ಲ ಸೇರಿ ದಿನಕ್ಕೆ 8ರಿಂದ 9 ಲೀಟರ್ ದ್ರವ ಕರುಳಿಗೆ ಬರುತ್ತದೆ, ಬಹುಪಾಲು ವಾಪಸ್ ರಕ್ತಕ್ಕೆ ಹೋಗುತ್ತದೆ. ಕಾಲರಾದಂಥ ವಿಷಗಳು ಕರುಳಿನ ಕೋಶಗಳ ಕ್ಲೋರೈಡ್ ಬಾಗಿಲನ್ನು ತೆರೆದೇ ಇಡುತ್ತವೆ. ಕ್ಲೋರೈಡ್ ಹಿಂದೆ ಸೋಡಿಯಂ, ಅದರ ಹಿಂದೆ ನೀರು ಹೊರಬೀಳುತ್ತದೆ. ಆದರೆ ಗ್ಲೂಕೋಸ್ ಜೊತೆ ಸೋಡಿಯಂ ಒಳಗೆ ಎಳೆದುಕೊಳ್ಳುವ ದಾರಿ ಆಗಲೂ ಕೆಲಸ ಮಾಡುತ್ತಿರುತ್ತದೆ. ಓಆರ್‌ಎಸ್, ಅಂದರೆ ಉಪ್ಪು-ಗ್ಲೂಕೋಸ್ ಬೆರೆಸಿ ಕುಡಿಸುವ ನೀರು, ನಿಂತಿರುವುದೇ ಇದರ ಮೇಲೆ. 1971ರಲ್ಲಿ ಡಾ. ದಿಲೀಪ್ ಮಹಲನೊಬಿಸ್ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ, ಸಲೈನ್ ಮುಗಿದು ಹೋಗುತ್ತಿದ್ದಾಗ ಉಪ್ಪು-ಗ್ಲೂಕೋಸ್ ನೀರು ಕುಡಿಸಿಯೇ ಕಾಲರಾ ಸಾವುಗಳನ್ನು ತಗ್ಗಿಸಿದರು.

ಓಆರ್‌ಎಸ್‌ನ ದೊಡ್ಡ ಪಾಕೀಟು ಪೂರ್ತಿ ಒಂದು ಲೀಟರ್ ಕುಡಿಯುವ ನೀರಿಗೆ. ಒಂದು ಲೋಟಕ್ಕೆ ಇಡೀ ಪಾಕೀಟು ಸುರಿದರೆ ರಕ್ತದಲ್ಲಿ ಸೋಡಿಯಂ ಏರಿ ಮಗುವಿಗೆ ಅಪಾಯ. ಪಾಕೀಟು ಸಿಗದಿದ್ದರೆ ಒಂದು ಲೀಟರ್ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಎಲ್ಲವೂ ಮಟ್ಟಸ. ಬರೀ ಗ್ಲೂಕೋಸ್ ಪುಡಿ, ಸೋಡಾ, ಹಣ್ಣಿನ ರಸದ ಪೊಟ್ಟಣ ಇದಕ್ಕೆ ಬದಲಿಯಲ್ಲ. ಪ್ರತಿ ಭೇದಿಯ ನಂತರ ಎರಡು ವರ್ಷದೊಳಗಿನ ಮಗುವಿಗೆ 50ರಿಂದ 100 ಮಿಲಿ, ಹತ್ತು ವರ್ಷದವರೆಗೆ 100ರಿಂದ 200 ಮಿಲಿ, ದೊಡ್ಡವರಿಗೆ ಸೇರಿದಷ್ಟು. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು, ಎರಡು-ಮೂರು ನಿಮಿಷಕ್ಕೊಂದು ಚಮಚದಂತೆ ಕೊಡಿ. ಎದೆಹಾಲು ನಿಲ್ಲಿಸಬೇಡಿ. ಗಂಜಿ, ಮಜ್ಜಿಗೆ, ಬಾಳೆಹಣ್ಣು ಕೊಡಬಹುದು. ಆರು ತಿಂಗಳು ದಾಟಿದ ಮಗುವಿಗೆ ಜಿಂಕ್ ದಿನಕ್ಕೆ 20 ಮಿಲಿಗ್ರಾಂ, 10ರಿಂದ 14 ದಿನ. ಮೆಡಿಕಲ್ ಅಂಗಡಿಯಲ್ಲಿ ಕೇಳಿ ಭೇದಿ ಕಟ್ಟುವ ಗುಳಿಗೆ ತರಬೇಡಿ. ಜ್ವರ, ರಕ್ತ ಇದ್ದಾಗ ಅದು ಸೋಂಕನ್ನು ಒಳಗೇ ಹಿಡಿದಿಡುತ್ತದೆ. ಅಡುಗೆಯಲ್ಲೇ ತಯಾರಾಗಿದ್ದ ವಿಷಕ್ಕೆ ಆ್ಯಂಟಿಬಯಾಟಿಕ್ ನಾಟುವುದೂ ಇಲ್ಲ.

ಆರು ತಾಸು ಮೂತ್ರವಿಲ್ಲದಿದ್ದರೆ, ಕಣ್ಣು ಗುಳಿಬಿದ್ದಿದ್ದರೆ, ಮಂಪರು ಹತ್ತಿದರೆ, ಮಗುವಿನ ಹೊಟ್ಟೆಯ ಚರ್ಮ ಎತ್ತಿ ಬಿಟ್ಟಾಗ ಎರಡು ಸೆಕೆಂಡ್ ಕಳೆದರೂ ಸಮವಾಗದಿದ್ದರೆ, ಕುಡಿದದ್ದು ನಿಲ್ಲದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಗರ್ಭಿಣಿಯರು, ಮುದುಕರು, ಮೂತ್ರಪಿಂಡದ ತೊಂದರೆಯವರು ಇಷ್ಟಕ್ಕೂ ಕಾಯಬಾರದು. ವೈದ್ಯರಿಗೆ ಊಟ ಮಾಡಿದ ಸಮಯ, ಮೊದಲ ವಾಂತಿಯ ಸಮಯ, ಜೊತೆಗೆ ಉಂಡವರಲ್ಲಿ ಎಷ್ಟು ಜನಕ್ಕೆ ಆಗಿದೆ ಎಂದು ಹೇಳಿ. ಉಳಿದ ಅಡುಗೆಯನ್ನು ಚೆಲ್ಲುವ ಮುಂಚೆ ಸ್ವಲ್ಪವನ್ನು ಶುಚಿಯಾದ ಸ್ಟೀಲ್ ಡಬ್ಬಿಯಲ್ಲಿ ಹಾಕಿ, ತಾರೀಕು-ಸಮಯ ಬರೆದು ಫ್ರಿಜ್‌ನಲ್ಲಿಡಿ. ಆರೋಗ್ಯ ಇಲಾಖೆಯವರು ಬಂದಾಗ ಪರೀಕ್ಷೆಗೆ ಕೊಡಲು ಅದು ಬೇಕಾಗುತ್ತದೆ.